ತೊಗಲು ಹೊದೆದ ದೋಣಿ

ಗ್ರೀನ್‌ಲೆಂಡಿನ ಇನುಯಿಟ್ ಜನರು ಕಯಾಕ್ ಎಂಬ ಕಿರುದೋಣಿಯನ್ನು ರೂಪಿಸಿದುದು ಮರಗಳೇ ವಿರಳವಾದ ನಾಡಿನಲ್ಲಿ. ಕಡಲು ತೇಲಿಸಿ ತಂದ ಮರವೇ ಅದರ ಎಲುಬುಗೂಡು. ಸೀಲಿನ ತೊಗಲೇ ಹೊದಿಕೆ. ಕಟ್ಟುವವನ ಮೈಯೇ ಅಳತೆಗೋಲು. ನಮ್ಮ ಹರಿಗೋಲನ್ನು ಬಲ್ಲವರಿಗೆ ಈ ಉಪಾಯವು ತೀರ ಹೊಸತೆನಿಸದು.

ಈಗ ಮನೆಯಲ್ಲಿ ಕಟ್ಟುವವರು ತೊಗಲಿಗೆ ಬದಲಾಗಿ ಕ್ಯಾನ್ವಾಸನ್ನೋ ನೈಲಾನನ್ನೋ ಹೊದಿಸುತ್ತಾರೆ; ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಉದ್ದದ ಪಟ್ಟಿಗಳನ್ನು ಪಕ್ಕೆಲುಬುಗಳಿಗೆ ಹುರಿಯಿಂದಲೇ ಬಿಗಿಯಬೇಕೆಂಬುದು ಮಾತ್ರ ನಮ್ಮ ಹಟ. ಹುರಿಯ ಕಟ್ಟು ಅಲೆಯ ಹೊಡೆತಕ್ಕೆ ಮಣಿಯುತ್ತದೆ; ಮೊಳೆಯು ಮಣಿಯದು. ಪರದೇಶದಲ್ಲಿ ಓದುತ್ತಿದ್ದಾಗ, ಮಿತ್ರರೊಬ್ಬರ ತಂದೆಯವರು ಕಟ್ಟಿದ್ದ ಇಂತಹ ದೋಣಿಯನ್ನು ದುರಸ್ತು ಮಾಡಹೋಗಿ, ಅವಸರದಲ್ಲಿ ಮೊಳೆ ಹೊಡೆದವರು ನಾವೇ. ನೀರಿಗಿಳಿಸಿದ ದಿನವೇ ಪಕ್ಕೆಲುಬು ಸೀಳಿತು. ಹೊಸದೊಂದನ್ನು ಹಬೆಯಲ್ಲಿ ಬಾಗಿಸಿ, ಹುರಿಯಿಂದ ಕಟ್ಟಿದೆವು. ಸೀಳಿದುದರ ಮೇಲೆ ಆ ಹಿರಿಯರು ಪೆನ್ಸಿಲಿನಲ್ಲಿ ಬರೆದಿದ್ದ ಅಳತೆಯಿತ್ತು. ಮಿತ್ರರು ಅದನ್ನು ಎಸೆಯಗೊಡಲಿಲ್ಲ.