ಬೀಗ ಹೊರಗಿನವರಿಗೆ, ಬಾಗಿಲು ಒಳಗಿನವರಿಗೆ

ಮೈಸೂರಿನ ಅಶೋಕಪುರಂ ಎಂದೊಡನೆ ಅಂಬೇಡ್ಕರ್ ಉದ್ಯಾನ, ರೈಲು ನಿಲ್ದಾಣ, 1924ರಲ್ಲಿ ಆರಂಭವಾದ ರೈಲ್ವೆ ಕಾರ್ಯಾಗಾರ ನೆನಪಿಗೆ ಬರುತ್ತವೆ. ಒಂದಕ್ಕೊಂದು ಗೋಡೆ ತಾಗಿದ ಮನೆಗಳಿರುವ ಇಂಥ ಹಳೆಯ ಬಡಾವಣೆಯಲ್ಲಿ ನೀವು ರಾತ್ರಿ ಬಾಗಿಲು ಹಾಕಿ ನೆಮ್ಮದಿಯಿಂದ ಮಲಗುತ್ತೀರಾ? ಆ ನೆಮ್ಮದಿಗೆ ಆಧಾರ ಯಾವುದು?

ಬೀಗ ಎನ್ನುತ್ತೀರಿ. ಆದರೆ ಕಳ್ಳ ಬೀಗದ ಗೋಜಿಗೇ ಹೋಗಬೇಕಿಲ್ಲ. ಚಿಲಕದ ಕೊಂಡಿಯನ್ನು ಮೀಟಿದರೆ ಸಾಕು. ಶಾಲೆಯಲ್ಲಿ ಕಲಿತ ಸನ್ನೆಕೋಲಿನ ಪಾಠ ನೆನಪಿಸಿಕೊಳ್ಳಿ. 24 ಅಂಗುಲದ ಕಬ್ಬಿಣದ ಸಲಾಕೆಗೆ ತುದಿಯಿಂದ 2 ಅಂಗುಲದಲ್ಲಿ ಆನಿಕೆ ಸಿಕ್ಕಿದರೆ, ಕೈಯ ಬಲ 11 ಪಟ್ಟಾಗುತ್ತದೆ. ಸಾವಿರಾರು ರೂಪಾಯಿ ಬೀಗವನ್ನು ಅರ್ಧ ಅಂಗುಲದ ನಾಲ್ಕು ಸ್ಕ್ರೂ ಹಿಡಿದಿದ್ದರೆ, ನಿಮ್ಮ ಮನೆಯ ಭದ್ರತೆ ಆ ಸ್ಕ್ರೂಗಳಷ್ಟೇ. ಕೊಂಡಿಗೆ ಬಾಗಿಲನ್ನು ದಾಟಿ ಹೋಗುವ ಬೋಲ್ಟು ಹಾಕಿಸಿ, ಒಳಗಿನಿಂದ ನಟ್ಟು ಬಿಗಿಸಿ.

ಇಷ್ಟು ಮಾಡಿದರೂ ಬೀಗ ಕಳ್ಳನನ್ನು ತಡೆಯುವುದಿಲ್ಲ, ತಡಮಾಡಿಸುತ್ತದೆ. ಆ ಕೆಲವು ನಿಮಿಷಗಳಲ್ಲಿ ಸದ್ದು ಕೇಳಿ ಯಾರಾದರೂ ಎದ್ದು ಬಂದರೆ ಮಾತ್ರ ಅದು ಕೊಟ್ಟ ಬೆಲೆಗೆ ಸಾರ್ಥಕ. ಆದ್ದರಿಂದ ಊರಿಗೆ ಹೊರಡುವಾಗ ಪಕ್ಕದ ಮನೆಯವರಿಗೆ ಹೇಳಿ, ಠಾಣೆಗೂ ತಿಳಿಸಿ. ಬಾಗಿಲಲ್ಲಿ ಬಿದ್ದಿರುವ ಪತ್ರಿಕೆಗಳು, ಹಗಲಿಡೀ ಉರಿಯುವ ದೀಪ, ಗುಡಿಸದ ಅಂಗಳ ಇವೆಲ್ಲ 'ಮನೆಯಲ್ಲಿ ಯಾರೂ ಇಲ್ಲ' ಎಂದು ಬೀದಿಗೆ ಸಾರುತ್ತವೆ. ಹೂಕುಂಡದ ಕೆಳಗೆ, ಮೀಟರ್ ಪೆಟ್ಟಿಗೆಯ ಮೇಲೆ ಬೀಗದಕೈ ಇಡುವ ಗುಟ್ಟು ಯಾರಿಗೆ ತಾನೇ ಗೊತ್ತಿಲ್ಲ?

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಭಯ ಹೆಚ್ಚಿದಂತೆ ನಾವು ಕಿಟಕಿಗೆ ಸರಳು, ಜಗಲಿಗೆ ಗ್ರಿಲ್ಲು, ಗ್ರಿಲ್ಲಿಗೆ ಒಳಗಿನಿಂದ ಬೀಗ ಹಾಕುತ್ತಾ ಬಂದಿದ್ದೇವೆ. ಬೀಗದಕೈ ಮಾತ್ರ ಮನೆಯ ಯಜಮಾನರ ದಿಂಬಿನಡಿ. ನಡುರಾತ್ರಿ ಅಡುಗೆ ಅನಿಲ ಸೋರಿದರೆ? ಅದು ಗಾಳಿಗಿಂತ ಭಾರ. ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ವಾಸನೆ ಬಂದಾಗ ದೀಪದ ಸ್ವಿಚ್ಚನ್ನೂ ಮುಟ್ಟಬಾರದು, ಕಿಡಿ ಹಾರೀತು. ಅಂದರೆ ಕತ್ತಲಲ್ಲೇ ಬೀಗದಕೈ ಹುಡುಕಬೇಕು, ಕತ್ತಲಲ್ಲೇ ಬೀಗ ತೆಗೆಯಬೇಕು. ಕಳ್ಳನಿಗೆಂದು ಕಟ್ಟಿದ ಪಂಜರದಲ್ಲಿ ಸಿಕ್ಕಿಬೀಳುವವರು ಆಗ ಅಜ್ಜಿ, ಮೊಮ್ಮಕ್ಕಳು.

ಹಾಗೆಂದು ಗ್ರಿಲ್ಲು ಕಿತ್ತುಹಾಕಬೇಕಿಲ್ಲ. ಒಂದು ಕಿಟಕಿಯ ಸರಳನ್ನಾದರೂ ಒಳಗಿನಿಂದ ತೆರೆಯುವಂತೆ ಮಾಡಿಸಿ. ಹೊರಗಿನಿಂದ ಕೈಗೆಟುಕದ, ಒಳಗಿರುವ ಎಲ್ಲರಿಗೂ ತಿಳಿದ ಒಂದು ಮೊಳೆಗೆ ಬೀಗದಕೈ ನೇತುಹಾಕಿ. ತುರ್ತಿಗೆ 112 ಎಂಬ ದೂರವಾಣಿ ಸಂಖ್ಯೆ ಮಕ್ಕಳಿಗೂ ಬಾಯಿಪಾಠವಾಗಿರಲಿ.

ಇಂದು ರಾತ್ರಿಯೇ ಪರೀಕ್ಷಿಸಿ ನೋಡಿ. ದೀಪ ಆರಿಸಿ, ಮನೆಯಲ್ಲಿ ಎಲ್ಲರಿಗಿಂತ ಹಿರಿಯರಿಗೆ ಬಾಗಿಲು ತೆರೆಯಲು ಹೇಳಿ. ಅವರು ಯಾರ ನೆರವೂ ಇಲ್ಲದೆ ಹೊರಗೆ ಬಂದರೆ ನಿಮ್ಮ ಮನೆ ಭದ್ರ. ಬರಲಾಗದಿದ್ದರೆ, ಬೀಗ ಎಷ್ಟೇ ಗಟ್ಟಿಯಿದ್ದರೂ, ನಾಳೆ ಬೆಳಿಗ್ಗೆ ಮೊದಲು ಮಾಡಬೇಕಾದ ಕೆಲಸ ಅದೇ.