ಬಿಟ್ಟವನಿಗೂ ಜೋಡಿ ಬೇಕು



ಸಂಗಮೇಶ್ವರನ ಈ ಚಡಚಣದಲ್ಲಿ ಇಷ್ಟು ಜನ ಕೂಡಿದ್ದೀರಿ. ಇಂದು ಶಾಸ್ತ್ರದ ದೊಡ್ಡ ಮಾತು ಹೇಳುವುದಿಲ್ಲ. ನಮ್ಮಿಂದಲೇ ಆದ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತೇವೆ.

ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳನ್ನು ನೀವು ಬಲ್ಲಿರಿ. 1975ರಲ್ಲಿ ಅವರು ಜೋಳಿಗೆ ಹಿಡಿದು ಹೊರಟರು. ಜೋಳವನ್ನಾಗಲಿ ಕಾಣಿಕೆಯನ್ನಾಗಲಿ ಬೇಡಲಿಲ್ಲ. ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನೆಯ ದಿನವನ್ನು ನಮ್ಮ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಅವರನ್ನು ಕಂಡು ನಾವೂ ಜೋಳಿಗೆ ಹಿಡಿದೆವು. ಭೀಮಾತೀರದ ಒಬ್ಬ ರೈತ ತನ್ನ ಕುಡಿತವನ್ನು ಅದರಲ್ಲಿ ಹಾಕಿದ. ವಿಭೂತಿ ಹಚ್ಚಿ ಮನೆಗೆ ಕಳಿಸಿದೆವು. ತಿಂಗಳು ತುಂಬುವುದರೊಳಗೆ ಮತ್ತೆ ಕುಡಿದ. ಹೀಗೆ ಮೂರು ಸಲ. ಮೂರನೆಯ ಸಲ ಸಿಟ್ಟಿನಿಂದ, “ಜೋಳಿಗೆಗೆ ಅವಮಾನ ಮಾಡಿದಿ” ಎಂದೆವು. ಅವನು ತಲೆ ತಗ್ಗಿಸಿದ. ಅವನ ಹೆಂಡತಿ ಸೆರಗು ಹಿಡಿದು ನುಡಿದಳು: “ಅಪ್ಪಾರ, ಇವರು ಕುಡಿಯಾಕ ಹೊಂಟ್ರ ಹತ್ತು ಮಂದಿ ಜೋಡಿ ಬರ್ತಾರ್ರಿ. ಬಿಟ್ಟ ದಿನ ಒಬ್ಬರೂ ಬರೂದಿಲ್ರಿ.”

ಆ ತಾಯಿಯ ಮಾತು ನಮ್ಮ ಕಣ್ಣು ತೆರೆಯಿತು. ಆಣೆ ಮಾಡಿಸಿದ್ದೆವು, ಜೋಡಿ ಕೊಟ್ಟಿರಲಿಲ್ಲ.

ದೂರದ ಅಮೆರಿಕದಲ್ಲಿ ನಡೆದದ್ದನ್ನು ಕೇಳಿರಿ. 1935ರಲ್ಲಿ ಬಿಲ್ ವಿಲ್ಸನ್ ಎಂಬಾತ ವ್ಯವಹಾರಕ್ಕಾಗಿ ಆಕ್ರನ್ ಎಂಬ ಊರಿಗೆ ಹೋಗಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೆಟ್ಟಿತು, ಮನಸ್ಸು ಮದ್ಯದ ಕಡೆ ಎಳೆಯಿತು. ಆಗ ಅವನು ಕುಡಿತದಿಂದ ಬಳಲುವ ಮತ್ತೊಬ್ಬನನ್ನು ಹುಡುಕಿದ. ಸಿಕ್ಕವರು ಬಾಬ್ ಸ್ಮಿತ್ ಎಂಬ ಡಾಕ್ಟರು. ಇಬ್ಬರೂ ಕುಳಿತು ತಮ್ಮ ತಮ್ಮ ಕಥೆ ಹೇಳಿಕೊಂಡರು. ಆ ಇಬ್ಬರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ ಹುಟ್ಟಿತು. ಇಂದು ದೇಶದೇಶಗಳಲ್ಲಿ ನಡೆದಿದೆ. ಅಲ್ಲಿ ಫೀ ಇಲ್ಲ. ಕುಲ, ಮನೆತನ ಕೇಳುವುದಿಲ್ಲ. ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಜನ್ಮಪೂರ್ತಿ ಬಿಡುತ್ತೇನೆಂದು ಆಣೆ ಮಾಡಿಸುವುದಿಲ್ಲ; ಇಂದು ಒಂದು ದಿನ ಕುಡಿಯದಿದ್ದರಾಯಿತು, ನಾಳೆಯದು ನಾಳೆಗೆ. ದೇವರ ಮಾತು ಬರುತ್ತದೆ, ಆದರೆ ಇಂಥ ದೇವರೇ ಎಂಬ ಕಟ್ಟಿಲ್ಲ. ಲಿಂಗಭಕ್ತನು ತನ್ನ ಇಷ್ಟಲಿಂಗವನ್ನೇ ನೆನೆಯಬಹುದು.

ಇದೇನು ನಮಗೆ ಹೊಸದೇ? ಬಸವಣ್ಣನವರ ಕಾಲದ ಅನುಭವ ಮಂಟಪವೆಂದರೇನು? ಒಬ್ಬನ ಅನುಭವ ಮತ್ತೊಬ್ಬನಿಗೆ ದೀಪವಾಗುವ ಕೂಟವಲ್ಲವೇ! ಹೆಂಡ ಮಾರುತ್ತಿದ್ದ ಮಾರಯ್ಯನಿಗೂ ಶರಣರ ನಡುವೆ ಸ್ಥಾನ ಸಿಕ್ಕಿತು. ‘ಹೆಂಡದ ಮಾರಯ್ಯ’ ಎಂಬ ಹೆಸರನ್ನು ಶರಣರು ಮುಚ್ಚಿಡಲಿಲ್ಲ.

ಇನ್ನು ಮಾಡಬೇಕಾದದ್ದೇನು? ಬಹಳ ವರ್ಷ ದಿನಾಲು ಕುಡಿದವರು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗುತ್ತವೆ, ಫಿಟ್ಸ್ ಬರಬಹುದು, ಭ್ರಮೆ ಆಗಬಹುದು, ಪ್ರಾಣಕ್ಕೂ ಅಪಾಯ. ಆದ್ದರಿಂದ ಮೊದಲು ಡಾಕ್ಟರ ಬಳಿ ಹೋಗಿರಿ. ಜಿಲ್ಲಾ ಆಸ್ಪತ್ರೆ ಇದೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅಲ್ಲಿಯೇ ಕೂಟದ ವಿಚಾರವನ್ನೂ ಕೇಳಿರಿ. 14446 ಎಂಬ ಸಂಖ್ಯೆಗೆ ಫೋನು ಹಚ್ಚಿದರೆ ಹಣವಿಲ್ಲದೆ ಸಲಹೆ ಸಿಗುತ್ತದೆ. ಧರ್ಮಸ್ಥಳದ ಯೋಜನೆಯವರ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಶಿಬಿರ ಮುಗಿದ ಮೇಲೆ ಬಿಟ್ಟವರು ಕೂಡಿ ಕೂಡುವ ನವಜೀವನ ಸಮಿತಿಗಳೂ ಇವೆ. ಆ ಕೂಡುವಿಕೆಯೇ ಮುಖ್ಯ.

ಮೊದಲ ದಿನ ಹೋಗಲು ಕಾಲು ಏಳುವುದಿಲ್ಲ. ಯಾರು ನೋಡಿಯಾರು ಎಂಬ ಅಂಜಿಕೆ. ಅಪ್ಪಾ, ಅಂಗಡಿಯ ಮುಂದೆ ಬಿದ್ದಾಗ ಊರೇ ನೋಡಿತಲ್ಲ! ಕೂಟದಲ್ಲಿ ನೋಡುವವರು ನಿನ್ನಂತೆಯೇ ಬಿದ್ದು ಎದ್ದವರು. ಮಾತು ಬಾರದಿದ್ದರೆ ಹಿಂದೆ ಕುಳಿತು ಕೇಳು. ಅಲ್ಲಿ ಆಡಿದ ಮಾತನ್ನು ಹೊರಗೆ ಆಡಬೇಡ. ಒಂದು ಸಲ ಹೋಗಿ ಹಿಡಿಸಲಿಲ್ಲವೆಂದು ಬಿಡಬೇಡ. ನಡುವೆ ಮತ್ತೆ ಕುಡಿದರೆ, ಮರುದಿನವೇ ಹೋಗಿ ಹೇಳು. ತಾಯಂದಿರೇ, ನಿಮ್ಮಂಥವರಿಗೂ ಬೇರೆ ಕೂಟವಿದೆ. 1951ರಲ್ಲಿ ಆ ಬಿಲ್‌ನ ಹೆಂಡತಿ ಲೋಯಿಸ್ ಅವರೇ ಅಲ್-ಅನಾನ್ ಎಂಬ ಹೆಸರಿನಲ್ಲಿ ಅದನ್ನು ಕಟ್ಟಿದರು. ಕುಡುಕನ ಮನೆಯೂ ಬೇನೆ ಬಿದ್ದಿರುತ್ತದೆಂದು ಆಕೆ ಬಲ್ಲಳು.

ಆ ರೈತನ ಕಥೆ ಏನಾಯಿತು? ಅವನ ಬಳಿ ಹೋಗಿ, “ತಪ್ಪು ನಮ್ಮದು” ಎಂದೆವು. ಕುಡಿತ ಬಿಟ್ಟ ಇನ್ನಿಬ್ಬರನ್ನು ಜೋಡಿಸಿದೆವು. ಪ್ರತಿ ಸೋಮವಾರ ಸಂಜೆ ಮಠದ ಹಿಂದಿನ ಕೋಣೆಯಲ್ಲಿ ಅವರು ಕೂಡುತ್ತಾರೆ. ನಾವು ಒಳಗೆ ಹೋಗುವುದಿಲ್ಲ. ಸ್ವಾಮಿಗಳ ಮುಂದೆ ಮನುಷ್ಯ ನಾಚಿ ಸುಳ್ಳು ಹೇಳುತ್ತಾನೆ. ನಡುವೆ ಅವನು ಒಮ್ಮೆ ಜಾರಿದ. ಆದರೆ ಈ ಸಲ ಅಡಗಿ ಕೂಡಲಿಲ್ಲ, ಬಂದು ಹೇಳಿದ. ಮೂವರು ಈಗ ಏಳು ಮಂದಿಯಾಗಿದ್ದಾರೆ. ಗೆದ್ದರೆಂದು ನಾವು ಡಂಗುರ ಸಾರುವುದಿಲ್ಲ. ಇಂದು ಅವರು ಕುಡಿದಿಲ್ಲ, ಅಷ್ಟೇ.

ಬಂಧುಗಳೇ, ಜೋಳಿಗೆ ಇನ್ನೂ ತೆರೆದಿದೆ. ಅದರಲ್ಲಿ ಚಟ ಹಾಕಿದವನನ್ನು ಒಬ್ಬನೇ ಮನೆಗೆ ಕಳಿಸಬೇಡಿರಿ. ಅವನ ಜೋಡಿ ನಡೆಯಿರಿ. ಸೋಮವಾರ ಕೋಣೆಯ ಬಾಗಿಲು ತೆರೆದಿರುತ್ತದೆ.