ತೆಂಗಿನ ಸೀಮೆಯಲ್ಲಿ ಬುಕಾನನ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ತೆಂಗಿನ ತೋಟ. ಅಲ್ಲಿನ ಮನೆಗಳ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಚಿಪ್ಪಿನೊಳಗೇ ಉಂಡೆಯಾಗುವ ಕೊಬ್ಬರಿಯ ಕೀರ್ತಿ ನಮ್ಮ ನಾಡಿನಾಚೆಗೂ ಹಬ್ಬಿದೆ. 1800ನೆಯ ಇಸವಿಯ ಮಳೆಗಾಲದಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ಪ್ರಕೃತಿಶಾಸ್ತ್ರಜ್ಞನ ಪೂರ್ವಚರಿತ್ರೆಯನ್ನು ಕುರಿತು ನಾಲ್ಕು ಮಾತುಗಳನ್ನು ನಾವು ಶ್ರೋತೃಗಳ ಮುಂದಿಡಬಯಸುತ್ತೇವೆ.

ಸ್ಕಾಟ್ಲೆಂಡಿನಲ್ಲಿ 1762ರಲ್ಲಿ ಹುಟ್ಟಿದ ಈತನು ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ವೈದ್ಯವನ್ನು ಕಲಿತು 1783ರಲ್ಲಿ ಪದವೀಧರನಾದನು. ಅಲ್ಲಿ ಜಾನ್ ಹೋಪ್ ಎಂಬ ಪಂಡಿತನ ಬಳಿ ಆದ ಸಸ್ಯಶಾಸ್ತ್ರದ ಪಾಠವೇ ಜೀವಮಾನದ ಗೀಳಾಯಿತು. ಆದರೆ ಗಿಡಮೂಲಿಕೆಗಳ ಮೇಲಣ ಪ್ರೀತಿಯಿಂದ ಹೊಟ್ಟೆ ತುಂಬುವುದೇ? ಹಡಗಿನ ವೈದ್ಯನಾಗಿ ಪೂರ್ವದೇಶಗಳಿಗೆ ಯಾನಮಾಡಿ, 1794ರಲ್ಲಿ ಕಂಪೆನಿಯ ಬಂಗಾಳದ ವೈದ್ಯ ಇಲಾಖೆಯನ್ನು ಸೇರಿದನು. ಮರುವರ್ಷ ಬರ್ಮಾದ ರಾಜಧಾನಿಗೆ ಹೋದ ರಾಯಭಾರದ ಜೊತೆಗೂ ವೈದ್ಯನಾಗಿಯೇ ನಡೆದನು. ದಾರಿಯಲ್ಲಿ ಕಂಡ ಸಸ್ಯಗಳನ್ನು ಮಾತ್ರ ಬಿಡಲಿಲ್ಲ. 1798ರಲ್ಲಿ ಸಾಂಬಾರ ಬೆಳೆಗಳಿಗೆ ತಕ್ಕ ನೆಲವನ್ನು ಹುಡುಕಲು ಚಿತ್ತಗಾಂಗಿನ ಕಡೆಗೆ ಕಳುಹಿಸಲ್ಪಟ್ಟನು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯು ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳ ಬೇಸಾಯ, ಕೈಕಸಬುಗಳನ್ನು ಪರಿಶೀಲಿಸಲು ಬುಕಾನನ್ನನನ್ನು ನೇಮಿಸಿದನು. ಅದುವರೆಗೆ ಬಿಡುವಿನ ವೇಳೆಯ ಕೆಲಸವಾಗಿದ್ದ ಕುತೂಹಲವೇ ಈಗ ಅಧಿಕೃತ ಕಾರ್ಯವಾಯಿತು. ಏಪ್ರಿಲ್‌ನಲ್ಲಿ ಮದರಾಸನ್ನು ಬಿಟ್ಟು, ಊರೂರಿಗೆ ನಿಂತು, ಮಣ್ಣೆಂತಹುದು, ನೀರೆಲ್ಲಿಯದು, ಫಸಲೆಷ್ಟು, ಕಂದಾಯವೆಷ್ಟು ಎಂದು ದುಭಾಷಿಗಳ ಮೂಲಕ ವಿಚಾರಿಸುತ್ತ ಹೋದನು. ಉತ್ತರಗಳು ಒಂದಕ್ಕೊಂದು ಹೊಂದದೆ ಹೋದರೆ ಅದನ್ನೂ ಬರೆದಿಟ್ಟನು.

ಹೊಂದದಿರುವುದರಲ್ಲಿ ಆಶ್ಚರ್ಯವೇನು? ಹೊಸ ದೊರೆತನದ ಮನುಷ್ಯನು ಬಂದು ಫಸಲಿನ ಲೆಕ್ಕ ಕೇಳಿದರೆ, ಯಾವ ರೈತನು ತಾನೆ ನಿಶ್ಶಂಕೆಯಿಂದ ಹೇಳಿಯಾನು? ಈ ಜ್ಞಾನವನ್ನು ಬಯಸಿದವರು ಗೆದ್ದವರು. ಅದನ್ನು ಕೊಟ್ಟವರು ನೆಲವನ್ನು ಉತ್ತವರು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಪ್ರವಾಸಗ್ರಂಥವನ್ನು ಓದುವಾಗ ನಾವು ಈ ಎರಡನ್ನೂ ಮರೆಯಲಾಗದು.

ಆದರೂ ಬುಕಾನನ್ನನ ಒಂದು ಗುಣವನ್ನು ನಾವು ಮೆಚ್ಚಲೇಬೇಕು. ಪದವಿಯನ್ನು ಪಡೆದ ವಿದ್ವಾಂಸನಾಗಿಯೂ ಆತನು ತೋಟದ ಸಂಗತಿಯನ್ನು ತೋಟಗಾರನನ್ನೇ ಕೇಳಿದನು. ಚಾರೋಳಿಯ ಮರದ ಕುಲಕ್ಕೆ ಸಸ್ಯಶಾಸ್ತ್ರಜ್ಞರು ಆತನ ಹೆಸರನ್ನಿಟ್ಟು ಗೌರವಿಸಿದ್ದಾರೆ. ಆತನಿಗೆ ಪಾಠ ಹೇಳಿದ ನಮ್ಮ ತೋಟಗಾರರ ಹೆಸರುಗಳನ್ನು ಯಾವ ಮರವೂ ಹೊತ್ತಿಲ್ಲ. ಅವರ ವಿದ್ಯೆ ಮಾತ್ರ ಆ ಸೀಮೆಯ ತೆಂಗಿನ ಸಾಲುಗಳಲ್ಲಿ ಇನ್ನೂ ನಿಂತಿದೆ.